ಸೊಂಟಕ್ಕೆ ಸಿಕ್ಕಿಸಿದ ಸೆರಗು

ನಮ್ಮ ದೊಡ್ಡಮ್ಮನ ಸೆರಗು ಯಾವಾಗಲೂ ಸೊಂಟದಲ್ಲಿ ಸಿಕ್ಕಿಸಿಕೊಂಡೇ ಇರುತ್ತಿತ್ತು. ರಾಗಿ ಬೀಸುವಾಗ ಸರಿ, ಕೊಟ್ಟಿಗೆ ಬಾಚುವಾಗ ಸರಿ. ಮಠದ ಅಯ್ಯನವರು ಮನೆಗೆ ಬಂದು ಕೂತಾಗಲೂ, ಮದುವೆಮನೆಯಲ್ಲಿ ಫೋಟೋದವನು ಎದುರು ನಿಂತಾಗಲೂ ಹಾಗೇ. ಒಂದು ಗಳಿಗೆ ಸೆರಗು ಬಿಡಮ್ಮ ಅಂದರೆ, "ಬುಟ್ರೆ ಕೈಗೆ ಅಡ್ಡ ಬತ್ತದೆ ಕಣವ್ವ, ಇರ್ಲಿ ಬುಡು" ಅನ್ನುತ್ತಿದ್ದಳು. ಹುಟ್ಟಿನಿಂದ ಬಂದ ಗುಣ ಎಂದು ನೋಡಿದವರು ತಿಳಿದಿದ್ದರು. ಅಲ್ಲ. ಕೋಟೆ ತಾಲ್ಲೂಕಿನ ನಮ್ಮ ಹಳೇ ಊರಿನಲ್ಲಿದ್ದಾಗ ಅವಳೂ ಎಲ್ಲರಂತೆ ಸೆರಗು ಹೊದ್ದು ಓಡಾಡಿದವಳೇ. ಅದನ್ನು ಸೊಂಟಕ್ಕೆ ಸಿಕ್ಕಿಸುವಂತೆ ಮಾಡಿದವರು ನನ್ನ ದೊಡ್ಡಪ್ಪ. ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ನಮ್ಮೂರು ಕಬಿನಿ ಹೊಳೆಯ ದಂಡೆಯಲ್ಲಿತ್ತು. ಕೆಳಗೆ ಅಣೆಕಟ್ಟೆ ಏಳುತ್ತದೆ, ಊರು ಮುಳುಗುತ್ತದೆ ಎಂಬ ಮಾತನ್ನು ನಾನು ಲಂಗ ಉಡುವ ವಯಸ್ಸಿನಿಂದ ಕೇಳಿದ್ದೆ. ಎಷ್ಟು ವರ್ಷ ಕೇಳಿದ್ದೆವೆಂದರೆ ಕೊನೆಗೆ ಯಾರೂ ನಂಬದಂತಾಗಿತ್ತು. "ನಮ್ ತಾತನ್ ಕಾಲ್ದಿಂದ ಮುಳುಗಿಸ್ತಾನೇ ಅವ್ರೆ" ಎಂದು ಗಂಡಸರು ಅರಳಿಕಟ್ಟೆಯ ಮೇಲೆ ಬೀಡಿ ಸೇದುತ್ತ ನಗುತ್ತಿದ್ದರು. ಆ ನಗುವಿನಲ್ಲಿ ದೊಡ್ಡಪ್ಪನದೇ ದೊಡ್ಡ ದನಿ. ಕಟ್ಟೆಯ ಕೆಲಸ ಮುಗಿಯುತ್ತ ಬಂದಾಗ ಮಾತ್ರ ಒಬ್ಬೊಬ್ಬರೇ ಬಾಗಿಲು, ಕಿಟಕಿ, ಹೆಂಚು ಬಿಚ್ಚಿ ಗಾಡಿಗೆ ಹೇರಿ, ಮೇಲಿನ ಬಯಲಿನಲ್ಲಿ ಕೊಟ್ಟ ಜಾಗಕ್ಕೆ ಸಾಗತೊಡಗಿದರು.

ದೊಡ್ಡಮ್ಮ ಬಾಗಿಲನ್ನೂ ಕೇಳಲಿಲ್ಲ, ಹೆಂಚನ್ನೂ ಕೇಳಲಿಲ್ಲ. ಅವಳಿಗೆ ಬೇಕಾಗಿದ್ದು ಒಂದೇ. ಹೊಲದ ಬದುವಿನಲ್ಲಿ ಹೊಂಗೆ ಮರದ ಕೆಳಗೆ ಅವಳ ಮೊದಲ ಮಗನನ್ನು ಮಣ್ಣು ಮಾಡಿದ್ದರು. ಮಾತು ಕಲಿಯುವ ಮೊದಲೇ ಜ್ವರ ಬಂದು ಹೋದ ಕೂಸು. ಮೇಲೊಂದು ಮೊಣಕಾಲೆತ್ತರದ ಕಲ್ಲು ನೆಟ್ಟಿದ್ದರು. ಆ ಕಲ್ಲನ್ನೂ ಅಲ್ಲಿಯ ಒಂದು ಹಿಡಿ ಮಣ್ಣನ್ನೂ ತಂದು ಹೊಸ ಜಾಗದಲ್ಲಿ ಇಡಬೇಕು, ನೀರಿನ ಕೆಳಗೆ ಬಿಟ್ಟು ಬರಬಾರದು, ಇಷ್ಟೇ ಅವಳ ಆಸೆ. ಅದಕ್ಕೆ ಅಯ್ಯನವರು ಬಂದು ವಿಭೂತಿ ಇಟ್ಟು ಪೂಜೆ ಮಾಡಬೇಕು, ತಂದೆಯಾದವನು ಮೊದಲ ಗುದ್ದಲಿ ಹಾಕಬೇಕು. ಅಯ್ಯನವರು ಇದ್ದದ್ದು ಪಕ್ಕದ ಊರಿನಲ್ಲೇ, ಕೂಗಿದರೆ ಕೇಳುವಷ್ಟು ದೂರದಲ್ಲಿ.

ದೊಡ್ಡಪ್ಪ ಒಪ್ಪಿದರು. ಒಪ್ಪದೆ ಇದ್ದಿದ್ದರೆ ಜಗಳವಾಡಬಹುದಿತ್ತು. "ಆಸಾಡ ಕಣೇ, ಕಳೀಲಿ" ಅಂದರು. ಆಷಾಢ ಕಳೆದು ಶ್ರಾವಣ ಬಂದಾಗ ಹೊಲದಲ್ಲಿ ಕಳೆ. ಆಮೇಲೆ ಪಿತೃಪಕ್ಷ, ಆಮೇಲೆ ರಾಗಿ ಕುಯ್ಲು, ಕುಯ್ಲು ಮುಗಿಯುವಷ್ಟರಲ್ಲಿ ಧನುರ್ಮಾಸ. ಸಂಕ್ರಾಂತಿ ಆದಮೇಲೆ "ಉಗಾದಿ ಆಗ್ಲಿ, ಒಸಾ ವರ್ಸದಲ್ಲಿ ಮಾಡಾನ" ಅಂದರು. ಪಂಚಾಂಗ ಕಂಡುಹಿಡಿದವನಿಗೂ ಇಷ್ಟೊಂದು ಕೆಟ್ಟ ದಿನ ಹೊಳೆದಿರಲಾರದು. ನಾನು ಆಗ ಹೈಸ್ಕೂಲು ಮುಗಿಸಿ ಮನೆಯಲ್ಲಿದ್ದೆ. ಒಂದು ದಿನ ತಡೆಯಲಾರದೆ, "ಅಯ್ಯನೋರನ್ನ ನಾನೇ ಕರ್ಕೊಂಡ್ ಬರ್ಲಾ ದೊಡ್ಡಪ್ಪ?" ಎಂದೆ. "ನಿಂಗ್ಯಾಕವ್ವ ದೊಡ್ಡೋರ್ ಇಚಾರ" ಎಂದು ಬಾಯಿ ಮುಚ್ಚಿಸಿದರು.

ಅವರೇನು ಸೋಮಾರಿಯೆ? ಅಲ್ಲವೇ ಅಲ್ಲ, ನನ್ನ ಸಿಟ್ಟಿಗೆ ಕಾರಣವೇ ಅದು. ಕೋಳಿ ಕೂಗುವ ಮೊದಲೇ ನೇಗಿಲು ಹೊತ್ತು ಹೊರಟವರು. ಊರಿಗೆಲ್ಲ ಮೊದಲು ಅವರದೇ ಬಿತ್ತನೆ, ಅವರದೇ ಒಕ್ಕಣೆ. ಎಲ್ಲ ಕೆಲಸಕ್ಕೂ ಇದ್ದ ಕೈ ಈ ಒಂದಕ್ಕೆ ಮಾತ್ರ ಏಳಲಿಲ್ಲ.

ಮುಂಗಾರು ಶುರುವಾದಾಗ ನಮ್ಮಲ್ಲಿ ಇನ್ನೂ ಹನಿ ಬಿದ್ದಿರಲಿಲ್ಲ. ಮಳೆ ಬಿದ್ದದ್ದು ಅತ್ತ, ಹೊಳೆ ಹುಟ್ಟುವ ವೈನಾಡಿನಲ್ಲಿ. ಬಿಸಿಲು ಕಾಯುತ್ತಿದ್ದಂತೆಯೇ ಹೊಳೆ ಕೆಂಪಗೆ ಬಂತು, ಬಂದದ್ದು ಹಿಂದಕ್ಕೆ ಹೋಗಲಿಲ್ಲ. ನಾವು ಪಾತ್ರೆ ಪಡಗ ಗಾಡಿಗೆ ತುಂಬುವಾಗ ಹೊಂಗೆ ಮರದ ಬುಡದಲ್ಲಿ ನೀರಾಡುತ್ತಿತ್ತು, ಕಲ್ಲು ಕಾಣುತ್ತಿರಲಿಲ್ಲ. ದೊಡ್ಡಮ್ಮ ಅಳಲಿಲ್ಲ. ಗಂಡನ ಕಡೆ ತಿರುಗಿ, "ಇನ್ನೂ ಯಾವ್ ತಿಂಗ್ಳು ಬರ್ಬೇಕಿತ್ತು ನಿಮ್ಗೆ?" ಎಂದು ಕೇಳಿದಳು. ಅವರು ಎತ್ತಿನ ಹಗ್ಗ ಸರಿಮಾಡುತ್ತ ನಿಂತರು. ಅವಳು ಸೆರಗನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿ ಗಾಡಿಯ ಹಿಂದೆ ನಡೆದಳು.

ಹೊಸ ಊರಿನಲ್ಲಿ ಅವಳು ಬೇರೆಯೇ ಹೆಂಗಸಾದಳು. ಹೆಂಚು ಒಡೆದಿದೆ ಎಂದು ಯಾರಾದರೂ ಹೇಳಿ ಮುಗಿಸುವಷ್ಟರಲ್ಲಿ ಏಣಿಯ ಮೇಲಿರುತ್ತಿದ್ದಳು. ಆಮೇಲೆ ಮಾಡೋಣ ಎಂದವರಿಗೆ ಅವಳ ಬಾಯಿಂದ ಉಳಿಗಾಲವಿರಲಿಲ್ಲ. ಹುಣಸೂರಿನಲ್ಲಿ ನನಗೆ ಟೀಚರ್ ಟ್ರೈನಿಂಗಿಗೆ ಸೀಟು ಸಿಕ್ಕಿದಾಗ ಊರು ಬಿಡುವ ಹೆದರಿಕೆಗೆ ನಾನೂ ಇವತ್ತು ನಾಳೆ ಅನ್ನುತ್ತಿದ್ದೆ. ಅವಳು ಟ್ರಂಕನ್ನು ತಂದು ನನ್ನ ಮುಂದೆ ಕುಕ್ಕಿದಳು. "ಓಗೋದು ಬುಡೋದು ಆಮೇಕೆ. ಒಂದ್ ಸೀರೆ ಮಡ್ಚಿ ಇದ್ರೊಳಗಿಕ್ಕು, ಅಷ್ಟೇ ಮಾಡು" ಅಂದಳು. ಒಂದು ಇಟ್ಟೆ. ಕೈ ತಾನಾಗಿ ಇನ್ನೊಂದನ್ನು ಮಡಿಸಿತು. ಮೂವತ್ತು ವರ್ಷ ಪಾಠ ಹೇಳಿ ಅನ್ನ ತಿಂದದ್ದು ಆ ಸೀರೆಯ ದೆಸೆಯಿಂದ.

ಒಮ್ಮೆ ಅವರೆಕಾಯಿ ಬಿಡಿಸುತ್ತ ಕೂತಿದ್ದಾಗ ನಾನು ದೊಡ್ಡಪ್ಪನನ್ನು ಚೆನ್ನಾಗಿ ಬೈದೆ. ಅವಳು ತಲೆಯೆತ್ತದೆ, "ಸೋಮಾರಿತನ ಅಲ್ಲ ಕಣವ್ವ. ಆ ಮಣ್ಣು ಅಗೆದ್ರೆ ಮಗ ಓಗಿದ್ದು ದಿಟ ಆಗೋಯ್ತದೆ ಅಂತ ಎದ್ರಿಕೆ ಅವ್ರಿಗೆ" ಎಂದಳು.

"ನಿನಗೆ ಹೆದರಿಕೆ ಇರಲಿಲ್ವಾ?"

"ಇತ್ತು. ಅದ್ಕೇ ಬೇಗ ಮುಗೀಲಿ ಅಂದಿದ್ದು."

ಕೆಲವು ವರ್ಷಗಳ ಮೇಲೆ ಒಂದು ಬೇಸಿಗೆಯಲ್ಲಿ ನೀರು ಹಿಂದೆಂದೂ ಇಲ್ಲದಷ್ಟು ಇಳಿಯಿತು. ಹಳೇ ಊರಿನ ಹೊಂಗೆ ಮರದ ಮೋಟು ಕಾಣುತ್ತಿದೆ ಎಂದು ಮೀನು ಹಿಡಿಯುವವನೊಬ್ಬ ಹೇಳಿ ಹೋದ. ರಜಕ್ಕೆ ಬಂದಿದ್ದ ನಾನು ಅಲ್ಲೇ ಇದ್ದೆ. ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು, "ಸೋಮ್ವಾರ ದಿನ ಚೆನ್ನಾಗದೆ. ಐನೋರ್ನೂ ಕರ್ಕೊಂಡು..." ಎಂದು ಶುರು ಮಾಡಿದರು. ಅಷ್ಟರಲ್ಲಿ ದೊಡ್ಡಮ್ಮ ಗುದ್ದಲಿ ಹಿಡಿದು ಅಂಗಳಕ್ಕಿಳಿದಿದ್ದಳು. "ವೈನಾಡ್ ಕಡೆ ಗುಡುಗ್ತಾ ಅದೆ. ಐನೋರು ಆಮೇಲೆ ಬರ್ಲಿ" ಎಂದವಳೇ ಹೊರಟಳು. ನಾನು ಹಿಂದೆ ಓಡಿದೆ.

ಒಣಗಿ ಬಿರಿದ ಕೆಸರು, ನಡುವೆ ಕಪ್ಪು ಮೋಟು. ಕಲ್ಲು ಹೂಳಿನಲ್ಲಿ ಮುಚ್ಚಿಹೋಗಿತ್ತು. ಅವಳು ಬರಿಗೈಯಲ್ಲಿ ಕೆದಕಿ ಅದರ ತುದಿಯನ್ನು ಹುಡುಕಿದಳು. ತಿರುಗಿ ನೋಡಿದರೆ ದೊಡ್ಡಪ್ಪ ದಂಡೆಯ ಮೇಲೆ ನಿಂತಿದ್ದಾರೆ. ನಮ್ಮ ಹಿಂದೆಯೇ ಬಂದವರಿಗೆ ಕೆಳಗಿಳಿಯಲು ಮಾತ್ರ ಕಾಲು ಬಂದಿಲ್ಲ. ದೊಡ್ಡಮ್ಮ ಕೂಗಿದಳು, "ಬನ್ನಿ. ಒಂದ್ ಗುದ್ಲಿ ಆಕಿ, ಸಾಕು." ಅವರು ಇಳಿದು ಬಂದು ಒಂದೇ ಏಟು ಹಾಕಿದರು. ಹಾಕಿ ಅಲ್ಲೇ ಕುಸಿದು ಕೂತು ಹೋ ಎಂದು ಅತ್ತರು. ನನಗೆ ಕನಿಕರ ಬರಲಿಲ್ಲ. ಒಂದು ಏಟು! ಇಷ್ಟು ಕೆಲಸಕ್ಕೆ ಒಬ್ಬ ತಾಯಿಯನ್ನು ಅಷ್ಟು ವರ್ಷ ಕಾಯಿಸಿದರಲ್ಲ ಎಂದು ಹಲ್ಲು ಕಚ್ಚಿ ನಿಂತಿದ್ದೆ.

ದೊಡ್ಡಮ್ಮ ಸೊಂಟದಿಂದ ಸೆರಗು ಬಿಡಿಸಿದಳು. ಒಂದು ಹಿಡಿ ಮಣ್ಣನ್ನು ಅದರಲ್ಲಿ ಕಟ್ಟಿಕೊಂಡಳು. ಕಲ್ಲನ್ನು ದೊಡ್ಡಪ್ಪ ಕಿತ್ತು ಹೆಗಲ ಮೇಲೆ ಹೊತ್ತರು. ಅವರು ಹೇಳಿದ ಸೋಮವಾರ ಬರುವಷ್ಟರಲ್ಲಿ ಆ ಮೋಟಿನ ಮೇಲೆ ನೀರು ನಿಂತಿತ್ತು.

ಅವಳು ತೀರಿಕೊಂಡದ್ದು ಹಿತ್ತಿಲಲ್ಲಿ ಸೌದೆ ಒಟ್ಟುತ್ತಿದ್ದಾಗ, ಎದೆ ಹಿಡಿದುಕೊಂಡು ಕೂತವಳು ಮತ್ತೆ ಏಳಲಿಲ್ಲ. ನಾನು ಬಸ್ಸಿಳಿದು ಬಂದಾಗ ನೆಂಟರು ಜಗಲಿಯ ಮೇಲೆ ಕೂತು, ಇಂಥವರು ಬರಲಿ, ಅಂಥವರು ಬರಲಿ, ಬೆಳಿಗ್ಗೆ ನೋಡೋಣ ಎಂದು ಚರ್ಚೆ ಮಾಡುತ್ತಿದ್ದರು. ದೊಡ್ಡಪ್ಪ ಕಾಣಲಿಲ್ಲ. ಹುಡುಕಿಕೊಂಡು ಹೋದರೆ ಹೊಸ ಹೊಲದ ಬದುವಿನಲ್ಲಿ, ಅಂದು ತಂದು ನೆಟ್ಟ ಆ ಪುಟ್ಟ ಕಲ್ಲಿನ ಪಕ್ಕದಲ್ಲಿ, ಪಂಚೆ ಎತ್ತಿ ಕಟ್ಟಿ ಗುದ್ದಲಿ ಎತ್ತಿದ್ದರು. "ಅವ್ಳು ಕಾಯಾಕಿಲ್ಲ ಕಣವ್ವ" ಎಂದರು. ಮೊದಲ ಏಟು ಆಗಲೇ ಬಿದ್ದಿತ್ತು.

ಕಲಿತರು, ನಿಜ. ಇಷ್ಟು ತಡವಾಗಿ ಕಲಿತರಲ್ಲ ಎಂಬ ನನ್ನ ಸಿಟ್ಟು ಆಗಲೂ ಇಳಿಯಲಿಲ್ಲ. ನಮ್ಮಲ್ಲಿ ಹೆಣದ ಗುಂಡಿ ತೋಡುವ ಗುದ್ದಲಿಯನ್ನು ಹೆಂಗಸರು ಮುಟ್ಟುವುದಿಲ್ಲ. ನಾನು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅವರ ಕೈಯಿಂದ ಅದನ್ನು ಇಸಕೊಂಡು ಎರಡನೆಯ ಏಟು ಹಾಕಿದೆ.