ಹಗೇವಿನೊಳಗಿಂದ ಕಂಡ ಪಾದಗಳು

ಆಯಿಯ ಪಾದಗಳನ್ನು ನಾನು ಎಷ್ಟೋ ಜನರ ಮುಖಕ್ಕಿಂತ ಚೆನ್ನಾಗಿ ಬಲ್ಲೆ. ಅಗಲವಾದ ಪಾದ, ಬೇಸಿಗೆಯ ಎರೆಹೊಲದಂತೆ ಬಿರಿದ ಹಿಮ್ಮಡಿ, ಎಂದೋ ತೆಗೆದಿಟ್ಟ ಕಾಲುಂಗುರದ ಬಿಳಿ ಗುರುತು.

ಲಕಮನಹಳ್ಳಿಯಲ್ಲಿ ಅವರು ನಮ್ಮ ಮನೆಯ ಮಾಲಕಿ. ತಮ್ಮ ಮಣ್ಣಿನ ಮನೆಯ ಅಂಗಳದಲ್ಲಿ ತಗಡಿನ ಮಾಡಿನ ಎರಡು ಪತ್ರಾಸ್ ಕೋಣೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರು. ಒಂದರಲ್ಲಿ ನಾನು, ನನ್ನ ಗಂಡ, ಪುಟ್ಟ ಮಗಳು; ಇನ್ನೊಂದರಲ್ಲಿ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಗೆ ಪಾಳಿಗೆ ಹೋಗುವ ತರುಣ. ನಲ್ಲಿಯ ನೀರು ಚೆಲ್ಲಿದರೆ ಆಯಿ ಓಣಿಗೆಲ್ಲ ಕೇಳುವಂತೆ ಬೈಯುವರು, ಸಂಜೆ ಅದೇ ದನಿಯಲ್ಲಿ ಕರೆದು ಬಿಸಿರೊಟ್ಟಿ ಕೊಡುವರು. ಮಗಳು ಅವರ ಅಂಗಾಲಿಗೆ ಕಚಗುಳಿ ಇಡುವುದು ದಿನದ ಆಟ.

ಅಂಗಳದ ನಡುವೆ ಹಗೇವು ಇತ್ತು, ಹಿಂದೆ ಜೋಳ ತುಂಬಿಡುತ್ತಿದ್ದ ನೆಲದಡಿಯ ಕಣಜ. ಒಬ್ಬರು ಇಳಿಯುವಷ್ಟೇ ಬಾಯಿ, ಕೆಳಗೆ ಗಡಿಗೆಯ ಹೊಟ್ಟೆ. ಅದನ್ನು ಮುಚ್ಚಿಸಿ ಬೈಕ್ ನಿಲ್ಲಿಸಲು ಜಾಗ ಮಾಡೋಣವೆಂದು ಅವರ ಮಗ ಗೋಗರೆದರೂ ಆಯಿ ಒಪ್ಪಿರಲಿಲ್ಲ. ಬೇಸಿಗೆ ಬಂತೆಂದರೆ ಬಾಯಿಗೆ ಮುಚ್ಚಿದ ಕಲ್ಲು ಸರಿಸಿ, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುವರು. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ, ಉರಿದರೆ ಇಳಿಯಬಹುದು.

"ಬಾಯಿ ಮುಚ್ಚಿಟ್ಟದ್ದು ಯಾವದೂ ಛಲೋ ಅಲ್ಲವ್ವಾ, ಹಗೇವಾಗ್ಲಿ, ಮನಷಾ ಆಗ್ಲಿ," ಎನ್ನುವರು. ಈ ನೀತಿಯನ್ನು ಅವರಷ್ಟು ಚಾಚೂ ತಪ್ಪದೆ ಪಾಲಿಸಿದವರನ್ನು ನಾನು ಕಂಡಿಲ್ಲ.

ಒಂದು ವರ್ಷ ಬೇಸಿಗೆಯ ಅಡ್ಡಮಳೆ ಮಧ್ಯಾಹ್ನ ಬಂತು. ಮೊದಲು ಗಾಳಿ, ಅದರ ಬೆನ್ನಿಗೆ ನಿಂಬೆಹಣ್ಣಿನ ಗಾತ್ರದ ಆಣೆಕಲ್ಲು. ಕಾರ್ಖಾನೆಗಳ ಕಡೆಯಿಂದ ತಗಡುಗಳು ಹಾರಿಬರುತ್ತಿದ್ದವು. ನಮ್ಮ ಕೋಣೆಗಳ ಪತ್ರಾಸ್ ಕಿತ್ತುಹೋಯಿತು, ಆಯಿಯ ಮನೆಯ ಗೋಡೆ ಕುಸಿಯಿತು. ಗಂಡ ಹುಬ್ಬಳ್ಳಿಗೆ, ಆಯಿಯ ಮಗ ಕೆಲಸಕ್ಕೆ ಹೋಗಿದ್ದರು. ಮಗಳನ್ನು ಅವಚಿಕೊಂಡು ದಿಕ್ಕು ತೋಚದೆ ನಿಂತಿದ್ದ ನನ್ನ ರಟ್ಟೆ ಹಿಡಿದು ಆಯಿ ಹಗೇವಿನತ್ತ ಎಳೆದರು. ಆ ವಾರ ಅದು ತೆರೆದೇ ಇತ್ತು, ಬೆಳಿಗ್ಗೆ ಇಳಿಬಿಟ್ಟು ನೋಡಿದಾಗ ಕಂದೀಲು ಆರಿರಲಿಲ್ಲ. ಪಾಳಿ ಮುಗಿಸಿ ಮನೆಯಲ್ಲಿದ್ದ ತರುಣ ಏಣಿ ಇಳಿಸಿ ಮೊದಲು ಹೋದ, ಮಗಳನ್ನು ಇಸಿದುಕೊಂಡ. ಹಿಂದೆಯೇ ನಾನು ಇಳಿದೆ. ಆಯಿಯೂ ಬಂದು ಕಲ್ಲು ಎಳೆದುಕೊಳ್ಳಲಿ ಎಂದು ಅವನು ಕೂಗಿದ.

"ಕಲ್ಲ ಮುಚ್ಚಿದ್ರ ಉಸರ ಕಟ್ಟಿ ಸಾಯ್ತೀರಿ," ಎಂದರು ಆಯಿ. "ನಾ ಇಳದ್ರ ಬಾಟ್ಲಿಗೆ ಬೂಚ ಬಡದಂಗ ಆಕ್ಕೈತಿ. ಸುಮ್ಮ ಕುಂದರ್ರಿ."

ತಮ್ಮ ಮೈ ಆ ಬಾಯಿಯಲ್ಲಿ ತೂರದೆಂದು ಅವರಿಗೆ ಗೊತ್ತಿತ್ತು. ಹಾಗೇ ಬಿಟ್ಟರೆ ನೀರು, ತಗಡು ನಮ್ಮ ಮೇಲೆಯೇ ಬೀಳಬೇಕು. ಕೌದಿ ಹೊದ್ದು, ಹಿಟ್ಟು ನಾದುವ ಪರಾತ ತಲೆಯ ಮೇಲೆ ಹಿಡಿದು, ಕಾಲು ಒಳಗೆ ಇಳಿಬಿಟ್ಟು ಅಂಚಿನಲ್ಲಿ ಕುಳಿತೇಬಿಟ್ಟರು.

ಆಮೇಲೆ ನಮಗಿದ್ದದ್ದು ಆ ಎರಡು ಪಾದ, ಅವುಗಳ ಸುತ್ತ ಒಂದಿಷ್ಟು ಬೂದು ಬೆಳಕು. ಮುಗ್ಗಿದ ಜೋಳದ ವಾಸನೆ. ಗೋಡೆ ಜಿನುಗಿ ಕಾಲಡಿ ಕೆಸರಾಗುತ್ತಿತ್ತು. ಪರಾತದ ಮೇಲೆ ಆಣೆಕಲ್ಲು ಬಡಿಯುವ ಸದ್ದು ಕೇಳುತ್ತಿರುವವರೆಗೆ ಧೈರ್ಯವಿತ್ತು. ಒಮ್ಮೆಲೇ ಏನೋ ಭಾರವಾದದ್ದು ಬಿದ್ದು ಬೆಳಕು ಹೋಯಿತು, ಸದ್ದೂ ನಿಂತಿತು. ತರುಣ ಏಣಿ ಹತ್ತಿ ಹೆಗಲು ಕೊಟ್ಟು ನೂಕಿದ, ಮೇಲೆ ಬಿದ್ದದ್ದು ಕೂದಲೆಳೆಯಷ್ಟೂ ಸರಿಯಲಿಲ್ಲ. ಆಯಿ, ಆಯಿ ಎಂದು ದನಿ ಬೀಳುವವರೆಗೆ ಕೂಗಿದೆವು. ನನಗೆ ಉಸಿರು ಸಾಲದಾಯಿತು. ಆಯಿ ಸತ್ತರು, ಇನ್ನು ನಮ್ಮ ಸರದಿ ಎಂದು ಖಂಡಿತ ಅನಿಸಿತು.

ನನ್ನ ಹೆಗಲ ಮೇಲಿದ್ದ ಮಗಳು ತಡಕಾಡಿ ಪಾದ ಹಿಡಿದಳು. ಆಟವಾಡುವಂತೆಯೇ ಅಂಗಾಲು ಗೀರತೊಡಗಿದಳು. ನನಗೆ ಬಿಡಿಸಲು ಮನಸ್ಸಾಗಲಿಲ್ಲ. ಬಹಳ ಹೊತ್ತಿನ ಮೇಲೆ, "ಬೆರಳು ಮಡಚಿತು ಅವ್ವಾ," ಎಂದಳು.

ಮೇಲಿನಿಂದ ಸೋತ ದನಿ ಬಂತು. "ಕಚಗುಳಿ ಇಡಬ್ಯಾಡ ಕೂಸ. ನಕ್ಕರ ಹೆಗಲ ನೋಯ್ತೈತಿ."

ನಾನು ಕೆಸರಿನಲ್ಲಿ ಕುಸಿದು ಅತ್ತೆ. ಗಾಳಿ ನಿಂತ ಮೇಲೆ ಓಣಿಯವರು ಬಂದು ತಗಡು, ತೊಲೆ ಎತ್ತಿದರು. ಮುರಿದ ಆ ಹೆಗಲು ಮತ್ತೆ ನೆಟ್ಟಗಾಗಲಿಲ್ಲ. ಅಂದಿನಿಂದ ರೊಟ್ಟಿ ಬಡಿಯುವ ಸರದಿ ನನ್ನದು. ಅಂಚು ಒಡೆದಿದೆ ಎಂದು ಬೈಯುವ ಸರದಿ ಎಂದಿನಂತೆ ಅವರದು.

ಹೋದ ಚಳಿಗಾಲದಲ್ಲಿ ಆಯಿ ಲಿಂಗೈಕ್ಯರಾದರು. ಅವರಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುವುದು ಪದ್ಧತಿ. ತಗ್ಗು ಕಂಡು ನನಗೆ ತಡೆಯಲಾಗಲಿಲ್ಲ. "ಇನ್ನೊಂದೀಟು ಅಗಲ ಮಾಡ್ರಿ," ಎಂದೆ. "ಆಯಿ ಆರಾಮ ಕುಂದರ್ಲಿ." ಅಗೆಯುತ್ತಿದ್ದವರು ನನ್ನ ಮುಖ ನೋಡಿ ಮತ್ತೆ ಗುದ್ದಲಿ ಎತ್ತಿಕೊಂಡರು.

ಇಳಿಸುವ ಮೊದಲು ಎಲ್ಲರೂ ಪಾದ ಮುಟ್ಟಿದರು. ನನ್ನೆತ್ತರ ಬೆಳೆದಿರುವ ಮಗಳು ಕೊನೆಯವಳಾಗಿ ಬಗ್ಗಿ, ಯಾರಿಗೂ ಕಾಣದಂತೆ ಅಂಗಾಲನ್ನು ಮೆಲ್ಲಗೆ ಗೀರಿದಳು. ಗೀರಿ, ಸ್ವಲ್ಪ ಹೊತ್ತು ಕಾದಳು.