ನಾರ್ಕಂಡಾದ ಹಿಮಕ್ಕೆ ಕ್ಯಾಸಂಬಳ್ಳಿಯ ಹಲಗೆ

ಮಾರಿಕುಪ್ಪಂನಿಂದ ಬೆಳಗಿನ ರೈಲು ಹೊರಟಾಗ ನಮ್ಮ ಬಳಿ ಎರಡು ಟ್ರಂಕು, ಒಂದು ಹಾಸಿಗೆ ಸುರುಳಿ, ರಾಗಿ ಹುರಿಹಿಟ್ಟಿನ ಡಬ್ಬಿ ಮತ್ತು ಜಮಖಾನೆಯಲ್ಲಿ ಸುತ್ತಿದ ಆಳೆತ್ತರದ ಒಂದು ಹಲಗೆ ಇದ್ದವು. ಟ್ರಂಕುಗಳ ಬಗ್ಗೆ ಯಾರೂ ವಿಚಾರಿಸಲಿಲ್ಲ. ಹಲಗೆಯ ಬಗ್ಗೆ ವಿಚಾರಿಸದವರು ಇರಲಿಲ್ಲ. ಬಂಗಾರಪೇಟೆ ತಲುಪುವಷ್ಟರಲ್ಲಿ ಉತ್ತರ ಹೇಳಿ ನನ್ನ ಗಂಟಲು ಒಣಗಿತ್ತು.

ನಾನು ಚಿನ್ನದ ಗಣಿಯಲ್ಲಿ ಮರಗೆಲಸದ ಮೇಸ್ತ್ರಿ. ಸುರಂಗದ ಮಾಡು ಕುಸಿಯದಂತೆ ತೊಲೆಗಳ ಆಸರೆ ಕೊಡುವುದು ನನ್ನ ಕೆಲಸ. ನಿವೃತ್ತಿ ಹತ್ತಿರವಾಗಿತ್ತು. ಕುಟುಂಬದೊಡನೆ ದೂರದ ಊರೊಂದನ್ನು ನೋಡಿಬರಲು ಕಂಪನಿ ಕೊಡುತ್ತಿದ್ದ ರೈಲು ಸವಲತ್ತು ಆ ವರ್ಷದ ಕೊನೆಗೆ ತೀರಿಹೋಗುತ್ತಿತ್ತು. ನೆರೆಹೊರೆಯವರೆಲ್ಲ ತಿರುಪತಿ ಅಥವಾ ಕಾಶಿ ಎಂದರು. ನನ್ನ ತಂಗಿ ನಂಜಮ್ಮ ಮಾತ್ರ ಅಡುಗೆಮನೆಯ ಗೋಡೆಯಲ್ಲಿದ್ದ ಹಳೆಯ ಕ್ಯಾಲೆಂಡರಿನ ಚಿತ್ರವನ್ನು ತೋರಿಸಿದಳು. ಅದರಲ್ಲಿ ವಿದೇಶದ ಹೆಂಗಸೊಬ್ಬಳು ಒಂದೇ ಹಲಗೆಯ ಮೇಲೆ ಅಡ್ಡಲಾಗಿ ನಿಂತು ಹಿಮದ ಇಳಿಜಾರಿನಲ್ಲಿ ಜಾರುತ್ತಿದ್ದಳು.

"ಅಣ್ಣಾ, ತಿರುಪ್ತಿ ಎಲ್ಲೂ ಓಗಲ್ಲ. ನಂಗೆ ಇಂಗೆ ಒಂದೇ ಒಂದ್ಸಲ ನಿಂತ್ಕಂಡು ಜಾರ್ಬೇಕು ಅಂತಾಸೆ," ಎಂದಳು.

ಗಂಡ ತೀರಿಕೊಂಡ ವರ್ಷವೇ ಅತ್ತೆಮನೆಯವರು ಅವಳನ್ನು ನಮ್ಮ ಬಾಗಿಲಿಗೆ ತಂದುಬಿಟ್ಟಿದ್ದರು. ಒಳಗೆ ಬಂದು ನೀರನ್ನೂ ಕುಡಿಯದೆ ಹಿಂದಿರುಗಿದ್ದರು. ಅಂದಿನಿಂದ ಅವಳು ಹಸು ಸಾಕಿ, ಹಾಲಿನ ಕ್ಯಾನು ತಲೆಯ ಮೇಲೆ ಹೊತ್ತು ಕ್ಯಾಸಂಬಳ್ಳಿಯ ಡೇರಿಗೆ ನಡೆಯುತ್ತಿದ್ದಳು. ತನಗಾಗಿ ಏನನ್ನೂ ಕೇಳಿದವಳಲ್ಲ. ಮೊದಲ ಬಾರಿಗೆ ಕೇಳಿದ್ದಳು. ಅದು ಆಗಲೇಬೇಕೆಂದು ನಾನು ಅಂದೇ ತೀರ್ಮಾನಿಸಿದೆ.

ಕಚೇರಿಯ ಗುಮಾಸ್ತರು, "ತಂಗಿ ಅಂದ್ರೆ ಕುಟುಂಬ ಅಲ್ಲ ಕಣಪ್ಪಾ," ಎಂದು ಅರ್ಜಿಯನ್ನು ತಳ್ಳಿದರು. ಆಶ್ರಯದಲ್ಲಿರುವ ವಿಧವೆ ಸೋದರಿಯೂ ಕುಟುಂಬವೇ ಎಂದು ಅವರದೇ ನಿಯಮ ಹೇಳುತ್ತಿತ್ತು. ಅದನ್ನು ಓದಿ ತಿಳಿಸಿದ್ದು ನಾನು; ಖಾಲಿ ಕುರ್ಚಿಯ ಪಕ್ಕದಲ್ಲಿ ನನ್ನನ್ನು ನಿಲ್ಲಿಸಿಕೊಂಡೇ ಕೇಳಿದ್ದು ಅವರು. ನನ್ನ ಬಾವಮೈದುನ ಗೋವಿಂದಪ್ಪನಿಗೆ ಬಂಗಾರಪೇಟೆಯಲ್ಲಿ ಬೆಲ್ಲದ ಮಂಡಿಯಿದೆ. ಅವನು ಅಂಗಡಿ ತುಂಬ ಜನರಿರುವಾಗಲೇ, "ಬಾವಾ, ಐಸ್ ಮ್ಯಾಲೆ ಕೂರಕ್ಕೆ ಅಷ್ಟ್ ದೂರ ಯಾಕೆ? ನಮ್ ಸೋಡಾ ಅಂಗ್ಡಿ ಪೆಟ್ಟಿಗೆ ಮ್ಯಾಲೆ ಕೂತ್ಕಳಿ. ಗಂಡ ಇಲ್ದೋಳು ಬೆಟ್ಟದಾಗೆ ಜಾರಿದ್ರೆ ಜನ ಏನಂದಾರು?" ಎಂದ. ಜನ ನಕ್ಕರು. ಯಾರು ಯಾರು ನಕ್ಕರೆಂಬುದು ನನಗೆ ಗೊತ್ತು.

ಹಲಗೆಯನ್ನು ಹಲಸಿನ ಮರದಲ್ಲಿ ನಾನೇ ಕೊಯ್ದು, ಮೂತಿಯನ್ನು ಹಬೆಯಲ್ಲಿ ಬಾಗಿಸಿ, ಕಾಲಿಗೆ ಹಳೆಯ ಸೊಂಟಪಟ್ಟಿಗಳನ್ನು ಜೋಡಿಸಿದೆ. ಅಭ್ಯಾಸಕ್ಕೆ ಸೈನೈಡ್ ಗುಡ್ಡವಿತ್ತು. ಚಿನ್ನ ತೆಗೆದ ಮೇಲೆ ಉಳಿದ ಕಲ್ಲಿನ ಹುಡಿ ತಲೆಮಾರುಗಳಿಂದ ಬಿದ್ದು ಬೆಟ್ಟವಾದದ್ದು ಅದು. ಬೆಳಗಿನ ಬೆಳಕಿನಲ್ಲಿ ಹಿಮದಂತೆಯೇ ಕಾಣುತ್ತದೆ. ಬರಿಯ ಮರ ಆ ಹುಡಿಯಲ್ಲಿ ತಡೆಯುತ್ತಿತ್ತು. ಅಡಿಗೆ ಸತುವಿನ ತಗಡು ಹೊಡೆದೆ; ಸರಾಗವಾಗಿ ಜಾರಿತು. ನಂಜಮ್ಮ ಭಾನುವಾರಗಳಂದು ಸೀರೆಯನ್ನು ಕಚ್ಚೆ ಕಟ್ಟಿ, ಕತ್ತನ್ನು ಒಂದಿಷ್ಟೂ ಅಲುಗಿಸದೆ ಇಳಿಯುತ್ತಿದ್ದಳು. ತಲೆಯ ಮೇಲೆ ಕ್ಯಾನು ಇದ್ದಂತೆಯೇ. ಕಾವಲುಗಾರ ನಮ್ಮನ್ನು ಎರಡು ಬಾರಿ ಓಡಿಸಿದ.

ಬೆಂಗಳೂರಿನಿಂದ ದೆಹಲಿಗೆ ಎರಡು ರಾತ್ರಿಯ ಪ್ರಯಾಣ. ಹಲಗೆಯನ್ನು ಸೀಟಿನ ಕೆಳಗೆ ತೂರಿಸಿದ್ದಕ್ಕೆ ನಾಗಪುರದವರೆಗೂ ಸಹಪ್ರಯಾಣಿಕರೊಬ್ಬರು ಗೊಣಗಿದರು. ಅದರ ಮೇಲೆಯೇ ಕಾಲಿಟ್ಟು ನಿದ್ದೆಯನ್ನೂ ಮಾಡಿದರು. ಕಾಲ್ಕಾದಿಂದ ಪುಟ್ಟ ರೈಲು ಶಿಮ್ಲಾಕ್ಕೆ ಹತ್ತಿತು. ಸುರಂಗಗಳು ಬಂದಾಗಲೆಲ್ಲ ನಾನು ಕಮಾನನ್ನು ನೋಡಿದೆ, ನನ್ನ ಹೆಂಡತಿ ಜಯಮ್ಮ ನನ್ನನ್ನು ನೋಡಿ, "ಇಲ್ಲೂ ಡ್ಯೂಟೀನಾ?" ಎಂದಳು. ಶಿಮ್ಲಾದಿಂದ ಬಸ್ಸಿನಲ್ಲಿ ಅರವತ್ತು ಚಿಲ್ಲರೆ ಕಿಲೋಮೀಟರು ಹೋಗಿ, ಕತ್ತಲಾದ ಮೇಲೆ ನಾರ್ಕಂಡಾ ತಲುಪಿದೆವು.

ಬೆಳಿಗ್ಗೆ ಕಿಟಕಿ ತೆರೆದರೆ ಕಂದು ಹುಲ್ಲು, ಕಪ್ಪು ದೇವದಾರು, ನಿಚ್ಚಳ ಬಿಸಿಲು. ಬಹುದೂರದ ಶಿಖರಗಳನ್ನು ಬಿಟ್ಟರೆ ಎಲ್ಲೂ ಹಿಮವೇ ಇರಲಿಲ್ಲ. ವಸತಿಗೃಹದ ವ್ಯವಸ್ಥಾಪಕರು ಹಲಗೆಯನ್ನು ಬೆರಳಿನಿಂದ ತಟ್ಟಿ ಹಿಂದಿಯಲ್ಲಿ, "ಹಿಮ ಬೇಕಿದ್ದರೆ ಜನವರಿಗೆ ಬನ್ನಿ. ಅಲ್ಲಿಯವರೆಗೆ ಇದರ ಮೇಲೆ ಚಪಾತಿ ಲಟ್ಟಿಸಿ," ಎಂದರು. ಜನವರಿಯಲ್ಲಿ ಸವಲತ್ತು ಇರುವುದಿಲ್ಲವೆಂದು ಅವರಿಗೆ ವಿವರಿಸುವ ಅಗತ್ಯ ನನಗೆ ಕಾಣಲಿಲ್ಲ. ಆ ದಿನವೂ ಮರುದಿನವೂ ಮೋಡಕ್ಕಾಗಿ ಕಾದೆವು. ನಂಜಮ್ಮ ಒಮ್ಮೆಯೂ ಬೇಸರವನ್ನು ತೋರಲಿಲ್ಲ. ಅದೇ ನನ್ನನ್ನು ಹೆಚ್ಚು ಕುದಿಸಿತು.

ಮೂರನೆಯ ದಿನ ಮಧ್ಯಾಹ್ನದ ಬಸ್ಸಿಗೆ ಹೊರಡಬೇಕಿತ್ತು. ಬೆಳಿಗ್ಗೆ ಚಹಾ ಅಂಗಡಿಗೆ ಹೋದ ಜಯಮ್ಮ ಏದುಸಿರು ಬಿಡುತ್ತ ಮರಳಿದಳು. ಅಂಗಡಿಯ ಹೆಂಗಸಿಗೆ ಕನ್ನಡವಿಲ್ಲ, ಇವಳಿಗೆ ಹಿಂದಿಯಿಲ್ಲ. ಇವಳು ಅಂಗೈಯನ್ನು ಜಾರಿಸಿ ತೋರಿಸಿದ್ದಳಂತೆ. ಆಕೆ ಗುಡ್ಡದ ಹಿಂಬದಿಗೆ ಕೈ ಮಾಡಿ, ಅಂಗಡಿಯ ಸಕ್ಕರೆಯನ್ನೇ ಹಿಡಿದು ತೋರಿಸಿದ್ದಳಂತೆ.

"ಮುಖ ಊದಿಸ್ಕಂಡು ಕೂತಿದ್ದು ಸಾಕು, ಏಳ್ರೀ. ಅಲಗೆ ಎತ್ಕಳಿ," ಎಂದಳು ಜಯಮ್ಮ.

ಗುಡ್ಡದ ಭುಜವನ್ನು ಬಳಸಿ ನಡೆದಾಗ, ಬಿಸಿಲು ಸೋಕದ ಉತ್ತರದ ಇಳಿಜಾರಿನಲ್ಲಿ ವರ್ಷದ ಮೊದಲ ಹಿಮ ಉಳಿದಿತ್ತು. ಹೆಚ್ಚೇನಿಲ್ಲ, ಕ್ಯಾಸಂಬಳ್ಳಿಯಲ್ಲಿ ಎರಡು ಹೊಲದಷ್ಟು. ನಂಜಮ್ಮ ಬಗ್ಗಿ ಅಂಗೈಯಿಂದ ಅದನ್ನು ಮುಟ್ಟಿದಳು, ಕೈಯನ್ನು ಹಿಂದೆಗೆದುಕೊಳ್ಳಲಿಲ್ಲ. ಹಲಗೆಯಿಟ್ಟು, ಕಾಲು ಸಿಕ್ಕಿಸಿ, ಮುಂದಕ್ಕೆ ಬಾಗಿದಳು. ಹಲಗೆ ಕದಲಲಿಲ್ಲ. ನಾನು ಹಿಂದಿನಿಂದ ನೂಕಿದೆ. ಅವಳು ಮುಗ್ಗರಿಸಿದಳು, ಹಲಗೆ ಅಲ್ಲೇ ಉಳಿಯಿತು. ದಾರಿಯುದ್ದಕ್ಕೂ ಬಿಸಿಲಿಗೆ ಕಾದ ತಗಡು ಹಿಮವನ್ನು ಕರಗಿಸಿತ್ತು. ಕರಗಿದ ನೀರು ತಗಡಿನಡಿಯಲ್ಲೇ ಮತ್ತೆ ಗಟ್ಟಿಯಾಗಿತ್ತು. ನಮ್ಮೂರಿನ ಗುಡ್ಡ ನಮಗೆ ಬೇರೆಯೇ ಪಾಠ ಹೇಳಿತ್ತು.

"ತಳ ಇಡಿದ ಮುದ್ದೆ ಪಾತ್ರೆ ಆಗ್ಬಿಟ್ಟದೆ," ಎಂದಳು ಜಯಮ್ಮ.

ಮೂತಿಯ ಬಳಿ ಸಡಿಲವಾಗಿದ್ದ ತಗಡಿನ ಅಂಚಿಗೆ ಚೂಪುಕಲ್ಲು ಸಿಕ್ಕಿಸಿ ಎಬ್ಬಿಸಿದೆ. ನಾನು ಹೊಡೆದ ಮೊಳೆ ಸುಲಭವಾಗಿ ಬರುವಂಥದ್ದಲ್ಲ. ತಗಡು ಕಳಚಿ ಬರುವಷ್ಟರಲ್ಲಿ ಎರಡು ಬೆರಳು ಕುಯ್ದುಹೋದವು. ಬರಿಯ ಮರವೂ ಅರ್ಧ ಮಾರು ಹೋಗಿ ನಿಂತಿತು. ಆಗ ಜಯಮ್ಮ ಚೀಲದಿಂದ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯ ಡಬ್ಬಿಯನ್ನು ತೆಗೆದಳು. ಚಳಿಗೆ ಎಣ್ಣೆ ಮೇಣದಂತೆ ಕಟ್ಟಿತ್ತು. ಹೇರ್‌ಪಿನ್ನಿನಿಂದ ಕೆದಕಿ ತೆಗೆದು, ಇಬ್ಬರು ಹೆಂಗಸರೂ ಹಲಗೆಯ ತಳಕ್ಕೆ ತಿಕ್ಕಿದರು.

ಕೆಳಗೆ ಊರಿನಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು.

"ಅಣ್ಣಾ, ಬಸ್ಸು," ಎಂದಳು ನಂಜಮ್ಮ. ಅವಳ ಕಾಲು ಪಟ್ಟಿಯೊಳಗಿತ್ತು.

"ಓಗ್ಲಿ ಬಿಡಮ್ಮಿ," ಎಂದೆ. "ನಾಳೆನೂ ಬತ್ತದೆ."

ಅವಳು ಹೊರಟಳು. ಮೊದಲು ಮೆಲ್ಲಗೆ, ಅನಂತರ ನಾನು ಕೂಗುವಷ್ಟು ವೇಗವಾಗಿ. ಕತ್ತು ಅಲುಗಲಿಲ್ಲ. ಸೆರಗು ಹಿಂದೆ ಚಿಮ್ಮಿತು. ದೇವದಾರುಗಳ ಅಂಚಿನವರೆಗೆ ಹೋಗಿ, ಹಲಗೆಯನ್ನು ಅಡ್ಡ ತಿರುಗಿಸಿ, ಚಿತ್ರದ ಹೆಂಗಸಿನಂತೆಯೇ ನಿಂತಳು. ಬೀಳುವಳೆಂದು ನಾನು ಓಡಿದೆ, ಬಿದ್ದವನು ನಾನು. ಅವಳು ಹಲಗೆಯನ್ನು ತಲೆಯ ಮೇಲಿಟ್ಟುಕೊಂಡು ಏರಿ ಬಂದಳು. ಗಲ್ಲ ಕೆಂಪಾಗಿತ್ತು, ಕಣ್ಣಲ್ಲಿ ನೀರಿತ್ತು.

"ಏನಮ್ಮೀ?" ಎಂದೆ.

"ಗಾಳಿ ಅಣ್ಣಾ. ಇನ್ನೊಂದ್ಸಲ ಓಗ್ಲಾ?"

ಸಂಜೆಯ ಬೆಳಕು ಮಸುಕಾಗುವವರೆಗೂ ಇಳಿದಳು. ಜಯಮ್ಮ ಕೂತು ಜಾರಿದಳು. ನಾನೂ ಕೆಲವು ಪ್ರಯತ್ನಗಳನ್ನು ಮಾಡಿದೆ.

ಮರುದಿನ ಬಸ್ಸು ನಾರ್ಕಂಡಾ ಬಿಟ್ಟು ಮೊದಲ ದೊಡ್ಡ ತಿರುವಿಗೆ ಬಂದಾಗ, ಕಣಿವೆಯಾಚೆ ಅದೇ ಇಳಿಜಾರು ಕಾಣಿಸಿತು. ಬಿಳುಪಿನ ನಡುವೆ ಮೇಲಿನಿಂದ ಮರಗಳವರೆಗೆ ನೀಳವಾದ ಗೆರೆಗಳು. ಪಕ್ಕದಲ್ಲಿ ಅಲ್ಲಲ್ಲಿ ಹೊಂಡಗಳು. ನಂಜಮ್ಮ ಕಿಟಕಿಯಿಂದ ಅರ್ಧ ದೇಹವನ್ನು ಹೊರಚಾಚಿ, ಕನ್ನಡ ಬಾರದ ಕಂಡಕ್ಟರಿಗೆ ಬೆರಳು ಮಾಡಿ ತೋರಿಸಿದಳು.

"ಆ ಉದ್ದದ ಗೆರೆ ಎಲ್ಲ ನಂದು ಸಾರ್. ಗುಂಡಿಗಳೆಲ್ಲ ನಮ್ಮಣ್ಣಂದು."

ಕೊನೆಯ ಮಾತಿಗೆ ಅವಳ ಬೆರಳು ನನ್ನತ್ತ ತಿರುಗಿತ್ತು. ಬಸ್ಸಿಗೆ ಬಸ್ಸೇ ತಿರುಗಿ ನನ್ನನ್ನು ನೋಡಿತು. ಆ ಗುಂಡಿಗಳಲ್ಲಿ ಎರಡು ಜಯಮ್ಮನವು. ಅದನ್ನು ನಾನು ಹಿಂದಿಯಲ್ಲಿ ಜೋಡಿಸಿ ಹೇಳುವಷ್ಟರಲ್ಲಿ ಬಸ್ಸು ತಿರುವನ್ನು ದಾಟಿತ್ತು.