ಆಯಾಳ ಮಗನಿಗೆ ಆಯಾ

ಗುಂಡಿಯಕ್ಕ ನಮ್ಮ ಮನೆಯ ಆಯಾ. ನಾನು ಅವಳ ಮನೆಯ ಆಯಾ. ತಿಂಗಳ ಮೊದಲ ದಿನ ನಾನು ಅವಳಿಗೆ ಕೊಟ್ಟ ಸಂಬಳವನ್ನೇ ಅವಳು ಕಣ್ಣಿಗೆ ಒತ್ತಿಕೊಂಡು, ಒಂದು ಗಳಿಗೆ ಬಿಟ್ಟು ನನಗೆ ಕೊಡುತ್ತಾಳೆ. ನಮ್ಮಷ್ಟು ತಪ್ಪದೆ ಸಂಬಳ ಕೊಡುವವರು ಈ ಓಣಿಯಲ್ಲಿಲ್ಲ.

ಗೋಡೆಯ ಆಚೆಗಿನ ಮನೆ ಅವಳದು. ಗಾರ್ಮೆಂಟ್ಸಿನ ಅಂಗಿಗಳಿಗೆ ಮನೆಯಲ್ಲೇ ಗುಂಡಿ ಹೊಲಿಯುವುದರಿಂದ ಆ ಹೆಸರು. ನಾನೂ ಅವಳಿಂದ ಕಲಿತೆ. ನಾನು ಹಾಕಿದ ಗುಂಡಿ ಎರಡನೇ ಒಗೆತಕ್ಕೆ ಉದುರುತ್ತದೆ. ಅವಳ ಮಗನಿಗೆ ಮೂರು ತುಂಬಿದರೂ ನಡಿಗೆ ಬಂದಿಲ್ಲ. ನನ್ನ ಮಗಳಿಗೆ ಉಬ್ಬಸ. ಅವನ ಕಾಲಿನ ವ್ಯಾಯಾಮ, ಇವಳು ಬಾಯಿಗಿಟ್ಟು ಎಳೆಯುವ ಪಫ್ ಮದ್ದು ಎರಡೂ ಆರೋಗ್ಯ ಕಾರ್ಡಿನ ಮೇಲೆ ಪುಕ್ಕಟೆ ಸಿಗುತ್ತಿದ್ದವು.

ಹೋದ ವರ್ಷ ಕಾಯ್ದೆ ಬದಲಾಯಿತು. ತಾಯಿ ತಿಂಗಳಿಗೆ ಎಂಬತ್ತು ಗಂಟೆ ದುಡಿದರೆ ಮಾತ್ರ ಮಗುವಿಗೆ ಕಾರ್ಡು. ಗುಂಡಿ ಹೊಲಿಯುವುದಕ್ಕೆ ರಸೀದಿ ಇಲ್ಲ, ಹಾಗಾಗಿ ಅದು ದುಡಿಮೆಯಲ್ಲ. ಕಾಯಿಲೆಯ ಮಗುವನ್ನು ನೋಡಿಕೊಳ್ಳುವುದೂ ದುಡಿಮೆಯಲ್ಲವಂತೆ. ಓದಿದವಳೆಂದು ಬೀಗುವ ನಾನು ಕೌಂಟರಿನ ಮುಂದೆ ಗೊಳೋ ಎಂದು ಅತ್ತು ಬಂದೆ. ಗುಂಡಿಯಕ್ಕ ಸೂಜಿಯನ್ನು ಹಲ್ಲಲ್ಲಿ ಕಚ್ಚಿಕೊಂಡೇ ಫಾರಂ ಓದಿಸಿ ಕೇಳಿದಳು.

"ಸ್ವಂತ ಮಗು ನೋಡ್ಕೊಂಡ್ರೆ ದುಡಿಮೆಯಲ್ಲ ಅಂತ ತಾನೇ ಬರೆದಿರೋದು? ನನ್ನ ಮಗ ನಿನಗೆ ಸ್ವಂತ ಅಲ್ವಲ್ಲೇ. ಅದಲು ಬದಲು ಮಾಡ್ಕೊಳ್ಳೋಣ."

ಹೀಗೆ ನಾನು ಕೆಲಸಕ್ಕೂ ಸೇರಿದೆ, ಯಜಮಾನಿಯೂ ಆದೆ. ಆಯಾ ಇಟ್ಟುಕೊಳ್ಳುವವರು ಅನುಕೂಲಸ್ಥರೆಂದು ಹೊಸ ತೆರಿಗೆ ಕಾಯ್ದೆ ನಂಬುವುದರಿಂದ ಇಬ್ಬರಿಗೂ ತೆರಿಗೆ ಬಿತ್ತು. ಪಫ್ ಕೊಂಡು ತರುವುದಕ್ಕಿಂತ ಅದೇ ಅಗ್ಗ. ಬದುಕಿನಲ್ಲಿ ಮೊದಲ ಸಲ ಅನುಕೂಲಸ್ಥಳಾದ ಸಂಭ್ರಮಕ್ಕೆ ಚಲನ್ನನ್ನು ದಿಂಬಿನಡಿ ಇಟ್ಟುಕೊಂಡು ಮಲಗಿದೆ.

ಒಂದೇ ಷರತ್ತು: ಕೆಲಸದ ಹೊತ್ತಿನಲ್ಲಿ ಒಪ್ಪಿಸಿದ ಮಗುವನ್ನು ಬಿಟ್ಟು ಕದಲುವಂತಿಲ್ಲ. ಆರು ತಿಂಗಳಿಗೊಮ್ಮೆ ಬರುವ ತಪಾಸಣೆಯವರಿಗೆ ಬಿಟ್ಟಿದ್ದು ಕಂಡರೆ ಇಬ್ಬರ ಕಾರ್ಡೂ ರದ್ದು.

ಮೊನ್ನೆ ಬೆಳಗ್ಗೆ ಅವಳ ಮನೆಯಲ್ಲಿ ಹುಡುಗನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದೆ. ಗೋಡೆಯಾಚೆ ನನ್ನ ಮಗಳ ಕೆಮ್ಮು ಏರಿತು, ಆಮೇಲೆ ಆ ಸಿಳ್ಳೆಯಂಥ ಉಸಿರು. ಷರತ್ತು, ಕಾರ್ಡು, ಬುದ್ಧಿ ಎಲ್ಲ ಅಲ್ಲೇ ಬಿಟ್ಟು ಓಡಿದೆ.

ನಮ್ಮ ಮನೆಯ ಕುರ್ಚಿಯಲ್ಲಿ ತಪಾಸಣೆಯವರು ಕೂತಿದ್ದರು. ಗುಂಡಿಯಕ್ಕ ಮಗಳನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಂಡು ಪಫ್ ಕೊಟ್ಟು ಮುಗಿಸಿ, ಮೆಲ್ಲಗೆ ಉಸಿರು ಎಣಿಸುತ್ತಿದ್ದಳು. ನಾನು ಕೊಟ್ಟರೆ ಅರ್ಧ ಮದ್ದು ಗಾಳಿಗೆ ಹೋಗುತ್ತದೆ.

ಅವರು ನನ್ನನ್ನೇ ನೋಡಿದರು. "ನೀವು ಕೆಲಸ ಬಿಟ್ಟು ಬಂದ್ರಾ?"



"ಬಿಟ್ಟೆಲ್ಲಿ ಬಂದಿದ್ದಾರೆ ಸಾರ್," ಎಂದಳು ಗುಂಡಿಯಕ್ಕ, ಎಣಿಕೆ ನಿಲ್ಲಿಸಿ. "ಕೆಲಸ ಅವರ ಸೊಂಟದ ಮೇಲೇ ಇದೆಯಲ್ಲ."

ತಲೆ ಬಗ್ಗಿಸಿ ನೋಡಿದೆ. ಹುಡುಗ ಒಂದು ಕಾಲಿಗೆ ಎಣ್ಣೆ, ಇನ್ನೊಂದು ಕಾಲು ಒಣ, ನನ್ನ ಕತ್ತು ತಬ್ಬಿಕೊಂಡು ಕೂತಿದ್ದ. ಯಾವಾಗ ಎತ್ತಿಕೊಂಡೆನೋ ದೇವರಾಣೆ ಗೊತ್ತಿಲ್ಲ.

ತಪಾಸಣೆಯವರು ನಾಲ್ವರನ್ನೂ ನೋಡಿ, 'ಇಬ್ಬರೂ ಕರ್ತವ್ಯದಲ್ಲಿದ್ದಾರೆ' ಎಂದು ಬರೆದು ಸಹಿ ಹಾಕಿದರು. ಇನ್ನು ಆರು ತಿಂಗಳು ಚಿಂತೆಯಿಲ್ಲ.

ಅವರು ಹೋದಮೇಲೆ ಗುಂಡಿಯಕ್ಕ ಸಂಬಳ ಜಾಸ್ತಿ ಮಾಡು ಎಂದಳು. ಮನಸ್ಸೇನೋ ಇತ್ತು. ಆದರೆ ಜಾಸ್ತಿ ಮಾಡಿದರೆ ಇಬ್ಬರ ಆದಾಯವೂ ಕಾರ್ಡಿನ ಮಿತಿ ದಾಟಿ ಕಾರ್ಡೇ ಹೋಗುತ್ತದೆ. ಅದಕ್ಕೇ ಜಿಪುಣ ಯಜಮಾನಿಯ ಹಾಗೆ ಬಾಯಿಮಾತಲ್ಲೇ ಹೊಗಳಿ, ಹುಡುಗನ ಇನ್ನೊಂದು ಕಾಲಿಗೆ ಎಣ್ಣೆ ತಿಕ್ಕಲು ಹೋದೆ.